ಐದು ಸಂಘ, ಒಂದೇ ಫಾರ್ಮು: ಚಿಕ್ಕವರು ಸೇರಿ ಲೆಕ್ಕ ಹಾಕುವ ಬಗೆ

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಕನ್ನಡ ಸಂಘದ ಖಜಾಂಚಿ ಫೋನ್ ಮಾಡಿ, "ಅಕ್ಕಾ, ನಮ್ಮ ಡೊಂಬಿವಲಿಯಲ್ಲಿ ಕನ್ನಡದವರ ಮನೆ ಎಷ್ಟುಂಟು?" ಅಂತ ಕೇಳಿದರು. ಸದಸ್ಯರ ಪುಸ್ತಕ ಇರುವುದು ಅವರ ಕಪಾಟಿನಲ್ಲೇ. ಆದರೆ ಆ ಪುಸ್ತಕವನ್ನು ಅವರೇ ನಂಬುವುದಿಲ್ಲ. ತೀರಿಕೊಂಡವರು ಅದರಲ್ಲಿ ಇನ್ನೂ ಬದುಕಿದ್ದಾರೆ. ಬಂಟ್ವಾಳಕ್ಕೆ ವಾಪಸ್ ಹೋದವರು ಇನ್ನೂ ಇಲ್ಲೇ ಇದ್ದಾರೆ. ಮದುವೆಯಾಗಿ ಬದ್ಲಾಪುರದಲ್ಲಿ ಬೇರೆ ಮನೆ ಮಾಡಿದ ಮಗ ಅಪ್ಪನ ಹೆಸರಿನ ಕೆಳಗೇ ಕೂತಿದ್ದಾನೆ.

ಮುಂಬೈಯ ಮುಲುಂದದಿಂದ ಕಲ್ಯಾಣದವರೆಗಿನ ಐದು ಸಣ್ಣ ಸಂಘಗಳು ಸೇರಿ ಎರಡು ಕೆಲಸ ಶುರು ಮಾಡಬೇಕು ಅಂದುಕೊಂಡಿದ್ದವು. ಒಂದು, ಮಕ್ಕಳಿಗೆ ಭಾನುವಾರದ ಕನ್ನಡ ತರಗತಿ. ಇನ್ನೊಂದು, ಒಂಟಿಯಾಗಿರುವ ವಯಸ್ಸಾದವರಿಗೆ ಔಷಧಿ ತಂದುಕೊಡುವುದು, ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ಎಷ್ಟು ಮಕ್ಕಳು, ಎಷ್ಟು ಅಜ್ಜ ಅಜ್ಜಿಯರು, ಯಾವ ಸ್ಟೇಷನ್ನಿನ ಹತ್ತಿರ ಅಂತ ಗೊತ್ತಿಲ್ಲದೆ ಜಾಗ ಹಿಡಿಯುವುದಾದರೂ ಎಲ್ಲಿ?

ನಾನು ಸರ್ವೆ ಕೆಲಸದಲ್ಲಿ 31 ವರ್ಷ ಇದ್ದವಳು. ಮೊದಲು ಮನೆಮನೆ ಅಲೆದೆ. ಆಮೇಲೆ ಮೇಜಿನ ಮುಂದೆ ಕೂತು ಬೇರೆಯವರು ತುಂಬಿದ ಫಾರ್ಮುಗಳಲ್ಲಿ ತಪ್ಪು ಹುಡುಕಿದೆ. ಈ ಐದು ಸಂಘಗಳ ಲೆಕ್ಕವನ್ನು ನಾವು ಹೇಗೆ ಮಾಡಿದೆವು ಅಂತ ಇಲ್ಲಿ ಹೇಳುತ್ತೇನೆ. ನಿಮ್ಮದು ಪಿಂಪ್ರಿಯ ಸಂಘವಿರಲಿ, ವಾಸ್ಕೋದ ಸಂಘವಿರಲಿ, ಉಪಯೋಗಕ್ಕೆ ಬಂದೀತು. ಮೊದಲೇ ಹೇಳಿಬಿಡುತ್ತೇನೆ, ಉಪಾಯ ನನ್ನದಲ್ಲ. ಕೆರಿಬಿಯನ್ ದ್ವೀಪಗಳವರದ್ದು.

ಮುಲುಂದದ ಒಂದು ಸಭಾಂಗಣದಲ್ಲಿ ಮೊದಲ ಮೀಟಿಂಗ್ ಆಯಿತು. ಇಡ್ಲಿ ವಡೆ ಮುಗಿಯುವ ಹೊತ್ತಿಗೆ ಎಲ್ಲರೂ ಒಂದು ತೀರ್ಮಾನಕ್ಕೆ ಬಂದಿದ್ದರು: ಅವರವರ ಪಟ್ಟಿ ಅವರವರು ಮಾಡಲಿ, ಕೊನೆಗೆ ಕೂಡಿಸಿದರಾಯ್ತು. ನಾನು ಎದ್ದು ನಿಂತು ಕೇಳಿದೆ, "1971ರಲ್ಲಿ ಗಾವಸ್ಕರ್ 774 ರನ್ ಹೊಡೆದದ್ದು ಯಾವ ದೇಶದ ಮೇಲೆ?" ಮುಂಬೈಯಲ್ಲಿ ಈ ಪ್ರಶ್ನೆಗೆ ಉತ್ತರ ತಡವಾಗುವುದಿಲ್ಲ. "ವೆಸ್ಟ್ ಇಂಡೀಸ್!" "ಸರಿ, ಆ ದೇಶದ ರಾಜಧಾನಿ ಯಾವುದು?" ಸಭೆ ಸುಮ್ಮನಾಯಿತು. ಹಿಂದಿನ ಸಾಲಿನಿಂದ ಒಬ್ಬರು ಮೆಲ್ಲಗೆ, "ಜಮೈಕಾ?" ಅಂದರು.

ವೆಸ್ಟ್ ಇಂಡೀಸ್ ಅಂತ ಒಂದು ದೇಶವೇ ಇಲ್ಲ. ಹಲವು ಸಣ್ಣ ಕೆರಿಬಿಯನ್ ದೇಶಗಳು ಸೇರಿ ಕಟ್ಟಿದ ಟೀಮು ಅದು. ಕ್ರಿಕೆಟ್ಟಿನಲ್ಲಿ ಮಾಡಿದ್ದನ್ನೇ ಅವರು ಅಂಕಿಅಂಶದಲ್ಲೂ ಮಾಡಿದ್ದಾರೆ. ಆ ಸರಣಿಯಲ್ಲಿ ಗಾವಸ್ಕರ್ ಸೆಂಚುರಿ ಹೊಡೆದ ಊರುಗಳು ಜಾರ್ಜ್‌ಟೌನ್, ಬ್ರಿಡ್ಜ್‌ಟೌನ್, ಪೋರ್ಟ್ ಆಫ್ ಸ್ಪೇನ್. ಈ ಮೂರು ಊರು ನೆನಪಿಟ್ಟುಕೊಂಡರೆ ಅಲ್ಲಿನ ಅಂಕಿಅಂಶದ ಅರ್ಧ ಕಥೆ ನೆನಪಿಟ್ಟ ಹಾಗೆ. ಗಯಾನಾದ ಜಾರ್ಜ್‌ಟೌನ್‌ನಲ್ಲಿ ಕೆರಿಬಿಯನ್ ದೇಶಗಳ ಒಕ್ಕೂಟವಾದ ಕ್ಯಾರಿಕಾಮ್‌ನ ಮುಖ್ಯ ಕಚೇರಿ ಇದೆ. ಒಕ್ಕೂಟ ಹುಟ್ಟಿದ್ದು 1973ರಲ್ಲಿ. ಮರುವರ್ಷವೇ ಅದರ ಅಂಕಿಅಂಶದವರು ಒಂದು ಸ್ಥಾಯೀ ಸಮಿತಿ ಮಾಡಿಕೊಂಡರು. ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿ 2001ರಿಂದ ಕಾರ್ಟಾಕ್ ಇದೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಈ ಕೇಂದ್ರದ ತಜ್ಞರು ಅಲ್ಲಿಂದ ದೇಶ ದೇಶಕ್ಕೆ ಹೋಗಿ, ಜಿಡಿಪಿ ಲೆಕ್ಕ ಹಾಕುವುದನ್ನು, ಬೆಲೆ ಸೂಚ್ಯಂಕ ಮಾಡುವುದನ್ನು ಜೊತೆಯಲ್ಲಿ ಕೂತು ಕಲಿಸುತ್ತಾರೆ. ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವಿಶ್ವಸಂಸ್ಥೆಯ ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ಆರ್ಥಿಕ ಆಯೋಗದ ಕೆರಿಬಿಯನ್ ಕಚೇರಿ ಇದೆ.

ಯಾಕೆ ಬೇಕಾಯಿತು ಇದೆಲ್ಲ? ಕ್ಯಾರಿಕಾಮ್‌ನ 15 ಸದಸ್ಯರಲ್ಲಿ ಜಮೈಕಾಕ್ಕೆ ಸುಮಾರು 28 ಲಕ್ಷ ಜನ. ಮಾಂಟ್ಸೆರಾಟ್‌ಗೆ 5 ಸಾವಿರವೂ ಇಲ್ಲ. ಅಲ್ಲಿ 1995ರಲ್ಲಿ ಜ್ವಾಲಾಮುಖಿ ಸಿಡಿಯಲು ಶುರುವಾಗಿ, ರಾಜಧಾನಿ ಪ್ಲಿಮತ್ ಬೂದಿಯಲ್ಲಿ ಹೂತುಹೋಗಿ, ಮೂರರಲ್ಲಿ ಎರಡು ಪಾಲು ಜನ ದ್ವೀಪ ಬಿಟ್ಟರು. ಆದರೆ ಜನಗಣತಿ ಜಮೈಕಾಕ್ಕೂ ಬೇಕು, ಮಾಂಟ್ಸೆರಾಟ್‌ಗೂ ಬೇಕು. ಅಕ್ಕಿ ಎಣ್ಣೆಯ ಬೆಲೆ ಸೂಚ್ಯಂಕ ಇಬ್ಬರಿಗೂ ಬೇಕು. ಆಮದು ರಫ್ತಿನ ಲೆಕ್ಕ ಇಬ್ಬರಿಗೂ ಬೇಕು. ಊರು ಚಿಕ್ಕದಾದರೆ ಕೆಲಸಗಾರರು ಕಮ್ಮಿಯಾಗುತ್ತಾರೆ, ಕೆಲಸ ಕಮ್ಮಿಯಾಗುವುದಿಲ್ಲ.

ಇದನ್ನು ಜನ ಸುಲಭಕ್ಕೆ ಒಪ್ಪುವುದಿಲ್ಲ. ಹಾಗಾಗಿ ಲೆಕ್ಕ ಮಾಡಿ ತೋರಿಸಬೇಕು. ಎಲ್ಲರನ್ನೂ ಕೇಳುವ ಬದಲು ಕೆಲವರನ್ನು ಮಾತ್ರ ಚೀಟಿ ಎತ್ತಿ ಆರಿಸಿ ಕೇಳುತ್ತೇವೆ ಅಂದುಕೊಳ್ಳಿ. ಉತ್ತರ ನೂರಕ್ಕೆ 5 ಆಚೆ ಈಚೆ ಆದರೆ ಪರವಾಗಿಲ್ಲ, ನೂರರಲ್ಲಿ 95 ಸಲ ಅಷ್ಟರೊಳಗೆ ಇದ್ದರೆ ಸಾಕು. ಆಗ 1 ಕೋಟಿ ಜನರ ದೇಶದಲ್ಲಿ ಸುಮಾರು 384 ಜನರನ್ನು ಕೇಳಬೇಕು. 5 ಸಾವಿರದ ದ್ವೀಪದಲ್ಲಿ? 357. 500 ಮನೆಯ ಸಂಘದಲ್ಲಿ 218. 100 ಮನೆಯ ಸಂಘದಲ್ಲಿ 80! ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು ಅನ್ನುತ್ತೇವಲ್ಲ, ಹಾಗೆ. ಹಂಡೆ ದೊಡ್ಡದಾದರೆ ಹೆಚ್ಚು ಅಗುಳು ಹಿಸುಕಬೇಕಿಲ್ಲ. ಪಾತ್ರೆ ಚಿಕ್ಕದು ಅಂತ ಅರ್ಧ ಅಗುಳು ಹಿಸುಕಿದರೆ ಆಗುವುದಿಲ್ಲ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ತಲಾ 500 ಮನೆಯ ಐದು ಸಂಘ ಬೇರೆ ಬೇರೆ ಮಾಡಿದರೆ 1,090 ಮನೆ ಸುತ್ತಬೇಕು. ಐದನ್ನೂ ಕೂಡಿಸಿ 2,500 ಮನೆ ಅಂದುಕೊಂಡರೆ 334 ಸಾಕು. ನಮ್ಮ ಖಜಾಂಚಿಗೆ ಇದು ಬಹಳ ಇಷ್ಟವಾಯಿತು. ಆದರೆ ಹುಷಾರು. ಆ 334ರಿಂದ ಸಿಗುವುದು ಐದೂ ಸಂಘದ ಒಟ್ಟು ಚಿತ್ರ ಮಾತ್ರ. ಕಲ್ಯಾಣದಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಅದರಿಂದ ನೆಟ್ಟಗೆ ಹೇಳಲಾಗದು. ದ್ವೀಪಗಳಿಗೂ ಇದೇ ತೊಂದರೆ. ಗ್ರೆನಡಾದ ಮಂತ್ರಿಗೆ ಗ್ರೆನಡಾದ ಸಂಖ್ಯೆಯೇ ಬೇಕು. ಹಾಗಾಗಿ ಅವರು ಜನರ ಲೆಕ್ಕವನ್ನು ಕಲಸಿ ಒಂದು ಮಾಡಲಿಲ್ಲ. ಫಾರ್ಮು, ಪದಗಳ ಅರ್ಥ, ತರಬೇತಿ, ತಜ್ಞರು, ಇವನ್ನು ಹಂಚಿಕೊಂಡರು. ಎಣಿಕೆ ಅವರವರದು, ಎಣಿಸುವ ವಿಧಾನ ಎಲ್ಲರದು. ನಾವೂ ಹಾಗೇ ಮಾಡಿದೆವು. ಪ್ರತಿ ಸಂಘ ತನ್ನ ಮನೆಗಳನ್ನೆಲ್ಲ ಸುತ್ತಿತು. ಚೀಟಿ ಎತ್ತುವ ಗೋಜಿಗೇ ಹೋಗಲಿಲ್ಲ.

ಮೊದಲ ಕೆಲಸ, ಪದಗಳ ಅರ್ಥ. ಬೇರೆ ಏನನ್ನು ಬೇಕಾದರೂ ಅವಸರದಲ್ಲಿ ಮಾಡಿ, ಇದನ್ನು ಮಾತ್ರ ಬೇಡ. ನಮಗೆ ಇದಕ್ಕೇ ಮೂರು ಭಾನುವಾರ ಹಿಡಿಯಿತು. "ಕನ್ನಡದವರ ಮನೆ" ಅಂದರೆ ಯಾವುದು? ನಮ್ಮ ಸಂಘಗಳಲ್ಲಿ ಮನೆಯಲ್ಲಿ ತುಳು ಮಾತಾಡುವವರೇ ಜಾಸ್ತಿ. ಕೊಂಕಣಿಯವರಿದ್ದಾರೆ. ಸೊಲ್ಲಾಪುರದ ಕಡೆಯ ಕನ್ನಡದವರು ಶಾಲೆ ಕಲಿತದ್ದು ಮರಾಠಿಯಲ್ಲಿ. ಒಬ್ಬ ಹಿರಿಯರು ಮೇಜು ಕುಟ್ಟಿ, "ನನ್ನ ಮಾತೃಭಾಷೆ ತುಳು, ನಾನು ಓದುವುದು ಕನ್ನಡ ಪೇಪರು, ನನ್ನ ಮೊಮ್ಮಗಳು ಎರಡೂ ಅಲ್ಲ, ಇಂಗ್ಲಿಷು. ನನ್ನ ಮನೆಯನ್ನು ಎಲ್ಲಿ ಬರೆಯುತ್ತೀರಿ?" ಎಂದರು. ಒಳ್ಳೆಯ ಪ್ರಶ್ನೆ. ಒಂದು ಪ್ರಶ್ನೆಯನ್ನು ಮೂರು ಮಾಡಿದೆವು: ಮನೆಯಲ್ಲಿ ಮಾತಾಡುವ ಭಾಷೆ ಯಾವುದು, ಕನ್ನಡ ಓದಲು ಬರುತ್ತದೆಯಾ, ಮಕ್ಕಳಿಗೆ ಕನ್ನಡ ಕಲಿಸಲು ಇಷ್ಟವಿದೆಯಾ. "ನೀವು ಕನ್ನಡಿಗರಾ?" ಅನ್ನುವ ಪ್ರಶ್ನೆಯನ್ನೇ ಕೈಬಿಟ್ಟೆವು. ತರಗತಿ ನಡೆಸಲು ಅದು ಬೇಕಾಗಿಯೂ ಇರಲಿಲ್ಲ. ಕ್ಯಾರಿಕಾಮ್‌ನಲ್ಲಿ ಹೆಚ್ಚಿನ ದೇಶಗಳದ್ದು ಇಂಗ್ಲಿಷು, ಸುರಿನಾಮ್‌ದು ಡಚ್ಚು, ಹೈಟಿಯದು ಫ್ರೆಂಚು ಮತ್ತು ಕ್ರಿಯೋಲು. ಅವರಿಗೆ ಹೋಲಿಸಿದರೆ ನಮ್ಮದು ಏನೂ ಅಲ್ಲ ಅಂತ ಸಮಾಧಾನ ಮಾಡಿಕೊಂಡೆವು.

ಆಮೇಲೆ "ಒಂದು ಮನೆ" ಅಂದರೇನು? ಒಂದೇ ಒಲೆಯ ಊಟ ಉಣ್ಣುವವರು ಒಂದು ಮನೆ. ನಮ್ಮ ಜನಗಣತಿಯವರೂ ಹೀಗೇ ಎಣಿಸುತ್ತಾರೆ. ಕೇಳಲು ಸರಳ. ಆದರೆ ಠಾಣೆಯ ಹತ್ತಿರ ಒಂದು ಖೋಲಿ ಇದೆ. ಹೋಟೆಲಿನಲ್ಲಿ ಕೆಲಸ ಮಾಡುವ ಆರು ಹುಡುಗರು ಅಲ್ಲಿ ಮಲಗುತ್ತಾರೆ. ಖೋಲಿಯಲ್ಲಿ ಒಲೆಯೇ ಇಲ್ಲ. ಮೂರು ಹೊತ್ತೂ ಹೋಟೆಲಿನಲ್ಲೇ ಊಟ. ಎಣಿಸಲು ಹೋದ ನಮ್ಮ ಒಬ್ಬ ಹುಡುಗ ಇದನ್ನು ಆರು ಮನೆ ಅಂತ ಬರೆದ. ಇನ್ನೊಬ್ಬ ಸೊನ್ನೆ ಅಂತ ಬರೆದ. ಇಂಥವರಿಗೆ "ಕೂಟದ ಮನೆ" ಅಂತ ಬೇರೆ ನಮೂನೆ ಮಾಡಿ, ಒಂದು ಮನೆ, ಆರು ಜನ ಅಂತ ಬರೆದೆವು. ಊರಲ್ಲಿ ಅರ್ಧ ವರ್ಷ ಕಳೆಯುವ ಅಪ್ಪ ಅಮ್ಮಂದಿರಿಗೆ ಆರು ತಿಂಗಳ ನಿಯಮ: ವರ್ಷದಲ್ಲಿ ಆರು ತಿಂಗಳಿಗಿಂತ ಜಾಸ್ತಿ ಎಲ್ಲಿರುತ್ತಾರೋ ಅಲ್ಲಿ ಎಣಿಸಿ. ಇದು ವಿಶ್ವಸಂಸ್ಥೆಯ ಜನಗಣತಿ ಸೂಚನೆಗಳಲ್ಲೂ ಇರುವ ನಿಯಮ. ಇಂಥ ತೀರ್ಮಾನಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ. ಬಾಯಿಮಾತಿನಲ್ಲಿ ಬಿಟ್ಟರೆ ಮುಂದಿನ ವಾರ ಐದು ಸಂಘದಲ್ಲಿ ಐದು ಅರ್ಥ ಇರುತ್ತದೆ.

ಇನ್ನು ಫಾರ್ಮು. ಜನಗಣತಿಗೆ ಕ್ಯಾರಿಕಾಮ್‌ನವರು ಒಂದು ಸಾಮಾನ್ಯ ಪ್ರಶ್ನಾವಳಿ ಇಟ್ಟುಕೊಂಡಿದ್ದಾರೆ. ತಿರುಳಿನ ಪ್ರಶ್ನೆಗಳು ಎಲ್ಲರಿಗೂ ಒಂದೇ. ಅದರ ಮೇಲೆ ಪ್ರತಿ ದೇಶ ತನಗೆ ಬೇಕಾದ್ದನ್ನು ಸೇರಿಸಿಕೊಳ್ಳಬಹುದು. ನಾವು 14 ಪ್ರಶ್ನೆಗಳನ್ನು ಎಲ್ಲರಿಗೂ ಕಡ್ಡಾಯ ಮಾಡಿ, ಪ್ರತಿ ಸಂಘಕ್ಕೆ ಮೂರು ಸ್ವಂತ ಪ್ರಶ್ನೆಗಳ ಜಾಗ ಬಿಟ್ಟೆವು. ಆ ಮೂರು ಪ್ರಶ್ನೆ ಬಿಡದಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಒಂದು ಸಂಘದವರು ಯಕ್ಷಗಾನದ ಬಗ್ಗೆ ಕೇಳಿದರು. ಇನ್ನೊಬ್ಬರು ವಧು ವರರ ಬಗ್ಗೆ ಕೇಳಿದರು. ಕೇಳಲಿ ಬಿಡಿ. ನೀವು ಗಟ್ಟಿಯಾಗಿ ಹಿಡಿಯಬೇಕಾದ್ದು ಇಷ್ಟೇ: ಕಡ್ಡಾಯ ಪ್ರಶ್ನೆಯ ಒಂದು ಅಕ್ಷರವನ್ನೂ, ಅದರ ಕ್ರಮವನ್ನೂ ಯಾರೂ ಮುಟ್ಟಬಾರದು.

ಕೋಡ್, ಅಂದರೆ ಪ್ರತಿ ಉತ್ತರಕ್ಕೆ ಕೊಡುವ ಅಂಕಿ, ಅದರ ವಿಷಯದಲ್ಲಿ ನನ್ನದೇ ಒಂದು ಅವಮಾನದ ಕಥೆ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರಡು ಕಚೇರಿಗಳ ಫಾರ್ಮುಗಳನ್ನು ಕೂಡಿಸಲು ನನಗೆ ಕೊಟ್ಟಿದ್ದರು. ಒಂದು ಕಡೆ ಗಂಡಸಿಗೆ 1, ಹೆಂಗಸಿಗೆ 2. ಇನ್ನೊಂದು ಕಡೆ ಅದು ತಿರುಗಮುರುಗ. ನಾನು ನೋಡಲಿಲ್ಲ, ಸುಮ್ನೆ ಕೂಡಿಸಿದೆ. ಒಂದು ತಾಲ್ಲೂಕಿನಲ್ಲಿ ನೂರಾರು ಗಂಡಸರು ಹೆತ್ತಿದ್ದಾರೆ ಅಂತ ಪಟ್ಟಿ ಬಂತು. ಸಾಹೇಬರು ಎಲ್ಲರೆದುರು ಅದನ್ನು ಗಟ್ಟಿಯಾಗಿ ಓದಿದರು. ಅವತ್ತಿನಿಂದ ನಾನು ಮೊದಲು ನೋಡುವುದು ಕೋಡ್ ಪಟ್ಟಿಯನ್ನು. ಸಾಧ್ಯವಾದಷ್ಟು ನೀವೇ ಹೊಸದಾಗಿ ಕೋಡ್ ಮಾಡಬೇಡಿ. ಕಸುಬುಗಳಿಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಪಟ್ಟಿ ಇದೆ, ಅದರ ದೊಡ್ಡ ಗುಂಪುಗಳು ಹತ್ತೇ. ಸಂಘಕ್ಕೆ ಅಷ್ಟು ಸಾಕು. ದ್ವೀಪಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಬರುವುದೂ ಇಂಥ ಸಾಮಾನ್ಯ ಪಟ್ಟಿಗಳಿಂದಲೇ.

ಸಾಫ್ಟ್‌ವೇರಿಗೆ ದುಡ್ಡು ಕೊಡಬೇಡಿ. ಅಮೆರಿಕದ ಜನಗಣತಿ ಇಲಾಖೆಯ ಸಿಎಸ್‌ಪ್ರೊ ಉಚಿತ. ವಿಶ್ವಬ್ಯಾಂಕಿನ ಸರ್ವೆ ಸೊಲ್ಯೂಷನ್ಸ್ ಉಚಿತ. ಎರಡೂ ಆಂಡ್ರಾಯ್ಡ್ ಫೋನಿನಲ್ಲಿ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತವೆ. ನಾವು ಸಿಎಸ್‌ಪ್ರೊ ಹಾಕಿಕೊಂಡೆವು. 6 ವರ್ಷದ ಮಗುವಿನ ಮುಂದೆ "ಮದುವೆಯಾಗಿದೆ" ಅಂತ ಒತ್ತಿದರೆ ಅಲ್ಲೇ ತಡೆಯುವ ಹಾಗೆ ಮಾಡಬಹುದು. ಬರೀ ಎಕ್ಸೆಲ್ಲಿನಲ್ಲಿ ಮಾಡುತ್ತೇವೆ ಅಂತ ಒಂದು ಸಂಘ ಹಟ ಹಿಡಿದಿತ್ತು. ಯಾರೋ ಹೆಸರಿನ ಕಾಲಮ್ಮನ್ನು ಮಾತ್ರ ಅಕಾರಾದಿಯಾಗಿ ಜೋಡಿಸಿಬಿಟ್ಟರು. ಪಕ್ಕದ ಫೋನ್ ನಂಬರುಗಳು ಇದ್ದಲ್ಲೇ ಇದ್ದವು. ಆ ಮೇಲೆ ಅವರೂ ಸಿಎಸ್‌ಪ್ರೊಗೆ ಬಂದರು.

ಇಡೀ ಊರಿಗೆ ಹೋಗುವ ಮುಂಚೆ ಒಂದೇ ಬಿಲ್ಡಿಂಗಿನಲ್ಲಿ ಮಾಡಿ ನೋಡಿ. ನಾವು ಮಾಡಿದ್ದು ನಾಲ್ಕು ಮಾಳಿಗೆಯ, ಲಿಫ್ಟ್ ಇಲ್ಲದ ಒಂದು ಸೊಸೈಟಿಯಲ್ಲಿ. "ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿದ್ದಾರಾ?" ಅಂತ ನಮ್ಮ ಪ್ರಶ್ನೆ ಇತ್ತು. ಮೂರನೇ ಮಾಳಿಗೆಯ ಅಜ್ಜಿ "ಇಲ್ಲ" ಅಂದರು. ಮಗ ಸೊಸೆ ಜೊತೆಗಿದ್ದಾರಲ್ಲ. ಆದರೆ ಮಗ ಬೆಳಿಗ್ಗೆ 7.10ರ ಲೋಕಲ್ ಹಿಡಿದರೆ ಬರುವುದು ರಾತ್ರಿ ಒಂಬತ್ತಕ್ಕೆ. ಸೊಸೆಗೂ ಕೆಲಸ. ಅಜ್ಜಿಗೆ ಮಂಡಿ ನೋವು, ಕೆಳಗಿಳಿಯದೆ ತಿಂಗಳಾಯಿತು. ಪ್ರಶ್ನೆಯನ್ನು "ಹಗಲು ಹೊತ್ತು ಮನೆಯಲ್ಲಿ ಇನ್ಯಾರು ಇರುತ್ತಾರೆ?" ಅಂತ ಬದಲಾಯಿಸಿದೆವು. ಹಳೆಯ ಪ್ರಶ್ನೆಯನ್ನೇ ಹಿಡಿದುಕೊಂಡು ಹೋಗಿದ್ದರೆ ನಮ್ಮ ಯೋಜನೆ ಯಾರಿಗಾಗಿ ಇತ್ತೋ ಅವರೇ ಲೆಕ್ಕದಿಂದ ಹೊರಗುಳಿಯುತ್ತಿದ್ದರು.

ಎಣಿಸುವವರನ್ನು ಅದಲು ಬದಲು ಮಾಡಿ. ಡೊಂಬಿವಲಿಯ ಹುಡುಗಿಯರು ಮುಲುಂದಕ್ಕೆ, ಮುಲುಂದದವರು ಕಲ್ಯಾಣಕ್ಕೆ. ರೈಲಿನ ಖರ್ಚು ಸ್ವಲ್ಪ ಆಗುತ್ತದೆ. ಆದರೆ ಮನೆಯ ಸಂಗತಿಯನ್ನು ದಿನಾ ಎದುರು ಸಿಗುವ ಸ್ವಂತ ಸಂಘದವರಿಗೆ ಯಾರು ಹೇಳುತ್ತಾರೆ? ನಾಲ್ಕು ಸ್ಟೇಷನ್ ಆಚೆಯ ಹುಡುಗಿಗೆ ಹೇಳುತ್ತಾರೆ. ಇನ್ನೊಂದು ಲಾಭವೂ ಇದೆ. ಸಣ್ಣ ಕಚೇರಿಯಲ್ಲಿ ಕೆಲಸ ಬಲ್ಲವರು ಒಬ್ಬರೇ ಇರುತ್ತಾರೆ. ಅವರಿಗೆ ಬ್ಯಾಂಕಿನಲ್ಲೋ ವಿದೇಶದಲ್ಲೋ ಒಳ್ಳೆಯ ಕೆಲಸ ಸಿಕ್ಕಿತು ಅಂದರೆ ಎಲ್ಲ ಮೊದಲಿಂದ ಶುರು. ಸಣ್ಣ ದ್ವೀಪಗಳನ್ನು ಬಹಳ ಕಾಡುವ ತೊಂದರೆ ಇದು. ಕೆನಡಾದ ಅಂಕಿಅಂಶ ಇಲಾಖೆ 2015ರಿಂದ ಕೆಲವು ವರ್ಷ ಕೆರಿಬಿಯನ್ ದೇಶಗಳಿಗಾಗಿ ಒಂದು ದೊಡ್ಡ ಯೋಜನೆ ನಡೆಸಿತು. ಅಂಥ ಯೋಜನೆಗಳು ಒಂದು ದಿನ ಮುಗಿಯುತ್ತವೆ. ಕಲಿತವರು ಅಲ್ಲೇ ಉಳಿದರೆ ಮಾತ್ರ ಫಲ. ಹಾಗಾಗಿ ಪ್ರತಿ ಸಂಘದಿಂದ ಇಬ್ಬರಿಗೆ ಕಲಿಸಿ, ಅದರಲ್ಲೂ ಒಬ್ಬರು ಸದ್ಯಕ್ಕೆ ಊರು ಬಿಡದವರಾಗಿರಲಿ. ತರಬೇತಿಯನ್ನು ಹೀಗೆ ಹಂಚಿಕೊಳ್ಳುವುದು ಮುಂಬೈಗೇನೂ ಹೊಸದಲ್ಲ. ದೇವನಾರದ ಜನಸಂಖ್ಯಾ ವಿಜ್ಞಾನಗಳ ಸಂಸ್ಥೆ 1956ರಲ್ಲಿ ಶುರುವಾದದ್ದೇ ಏಷ್ಯಾದ ಬೇರೆ ಬೇರೆ ದೇಶಗಳವರಿಗೂ ಕಲಿಸಲಿಕ್ಕೆ.

ಗುಟ್ಟು ಕಾಪಾಡುವುದು ಸಣ್ಣ ಗುಂಪಿನಲ್ಲಿ ಬಹಳ ಕಷ್ಟ. "ಕಲ್ಯಾಣ, 70 ದಾಟಿದ ಹೆಂಗಸು, ನಿವೃತ್ತ ಟೀಚರು: 1" ಅಂತ ಪಟ್ಟಿಯಲ್ಲಿ ಹಾಕಿದರೆ ಹೆಸರು ಬರೆಯಬೇಕಿಲ್ಲ, ಹಾಲು ಹಾಕುವವನಿಗೂ ಗೊತ್ತಾಗುತ್ತದೆ. 5 ಸಾವಿರ ಜನರ ದ್ವೀಪದಲ್ಲೂ ಹಾಗೇ ಅಲ್ವಾ? 5ಕ್ಕಿಂತ ಕಮ್ಮಿ ಬಂದ ಯಾವ ಸಂಖ್ಯೆಯನ್ನೂ ನಾವು ಹೊರಗೆ ಹಾಕಲಿಲ್ಲ, ಪಕ್ಕದ ಗುಂಪಿಗೆ ಸೇರಿಸಿದೆವು. ಹೆಸರು, ಫೋನ್ ನಂಬರು ಇರುವ ಹಾಳೆ ಬೇರೆ, ಉತ್ತರಗಳ ಹಾಳೆ ಬೇರೆ. ಎರಡರ ನಡುವೆ ಬರೀ ಒಂದು ಕ್ರಮಸಂಖ್ಯೆ. ಹೆಸರಿನ ಹಾಳೆ ಬೇಕು ಅಂತ ಒಬ್ಬ ಫ್ಲಾಟ್ ಮಾರುವವರು ಬಂದರು. ಪ್ರಾಯೋಜಕರಾಗುತ್ತೇವೆ ಅಂದರು. ಚಹಾ ಕೊಟ್ಟು ಕಳಿಸಿದೆವು.

ಎರಡು ಸಂಘದವರು ಒಂದೇ ಮನೆಯನ್ನು ಎಣಿಸಿರುತ್ತಾರೆ, ನೆನಪಿಡಿ. ಮುಂಬೈಯಲ್ಲಿ ಒಬ್ಬರು ಮೂರು ಸಂಘದ ಸದಸ್ಯರಾಗಿರುವುದು ಮಾಮೂಲು. ಫೋನ್ ನಂಬರು ಹೋಲಿಸಿ ತೆಗೆಯಿರಿ.

ಫಲಿತಾಂಶದ ತಾರೀಕನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ, ಅಂಕಿ ಬರುವ ಮುಂಚೆಯೇ. ನಾವು ಅಕ್ಟೋಬರ್ 15 ಅಂತ ಇಟ್ಟೆವು. ಅದು ಕೆರಿಬಿಯನ್ ಅಂಕಿಅಂಶ ದಿನ, ಅವರ ಋಣ ಇರಲಿ ಅಂತ. ಹೀಗೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಯಾಕೆಂದರೆ ಒಂದು ಸಂಘದ ಅಧ್ಯಕ್ಷರು ಭಾಷಣಗಳಲ್ಲಿ ಹೇಳಿಕೊಂಡು ಬಂದಿದ್ದ ಸಂಖ್ಯೆಯ ಅರ್ಧವೂ ಬರಲಿಲ್ಲ. ಎರಡು ವಾರ ಮುಂದೆ ಹಾಕೋಣ, ಇನ್ನೊಮ್ಮೆ ನೋಡೋಣ ಅಂದರು. ತಾರೀಕು ಆಗಲೇ ಐದೂ ಸಂಘದ ಬೋರ್ಡಿನಲ್ಲಿ ಅಂಟಿಸಿತ್ತು. ಅವರು ಮೂರು ದಿನ ಮಾತು ಬಿಟ್ಟರು, ಆಮೇಲೆ ಸರಿಯಾದರು.

ಇಷ್ಟೆಲ್ಲ ಯಾಕೆ ಅಂತ ಕೇಳುವವರು ನಿಮ್ಮಲ್ಲೂ ಇರುತ್ತಾರೆ. ನಾನು ಡೊಮಿನಿಕಾದ ಉದಾಹರಣೆ ಕೊಡುತ್ತೇನೆ. ಸುಮಾರು 70 ಸಾವಿರ ಜನರ ದೇಶ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಚಂಡಮಾರುತ ಹೊಡೆದಾಗ ಆದ ನಷ್ಟ, ಹಿಂದಿನ ವರ್ಷದ ಜಿಡಿಪಿಯ 226 ಶೇಕಡಾ ಅಂತ ಲೆಕ್ಕ ಹಾಕಿದರು. ಹಿಂದಿನ ವರ್ಷದ ಜಿಡಿಪಿಯೇ ಗೊತ್ತಿಲ್ಲದಿದ್ದರೆ, ಎಷ್ಟು ಮನೆ ಇದ್ದವು ಅನ್ನುವುದೇ ಗೊತ್ತಿಲ್ಲದಿದ್ದರೆ, ಎಷ್ಟು ಹೋಯಿತು ಅಂತ ಯಾರಿಗೆ ಏನು ಹೇಳಿ ಸಹಾಯ ಕೇಳುವುದು? ನಮ್ಮಲ್ಲಿ ಚಂಡಮಾರುತ ಬೇಡ, ಕಲ್ಯಾಣ ಡೊಂಬಿವಲಿಯಲ್ಲಿ ಒಂದು ಜೋರು ಮಳೆ ಸಾಕು. ನೀರು ನುಗ್ಗಿದ ರಾತ್ರಿ ನೆಲಮಟ್ಟದ ಯಾವ ಮನೆಯಲ್ಲಿ ಯಾವ ಅಜ್ಜ ಒಬ್ಬರೇ ಇದ್ದಾರೆ ಅಂತ ಪಟ್ಟಿ ಬೇಕಾಗುತ್ತದೆ.

ಪಟ್ಟಿ ಮಾಡಿದ ಮೇಲೆ ಅದರ ನಕಲು ಪಕ್ಕದ ಸಂಘದಲ್ಲಿಡಿ. ನಮ್ಮದು ಈಗ ಠಾಣೆಯಲ್ಲಿದೆ, ಠಾಣೆಯವರದು ನಮ್ಮ ಖಜಾಂಚಿಯ ಕಪಾಟಿನಲ್ಲಿ, ಲಕೋಟೆಗೆ ಅರಗು ಹಾಕಿ. ಮೊನ್ನೆ ಅವರು ಮತ್ತೆ ಫೋನ್ ಮಾಡಿದರು. "ಅಕ್ಕಾ, ಹಳೇ ಪುಸ್ತಕದಲ್ಲಿ ತೀರಿಕೊಂಡವರ ಹೆಸರು ಹೊಡೆದು ಹಾಕುವುದಾ?" ಬೇಡ ಅಂದೆ. ಹೆಸರು ಯಾವತ್ತೂ ಅಳಿಸಬೇಡಿ. ಪಕ್ಕದಲ್ಲಿ ತಾರೀಕು ಬರೆಯಿರಿ, ಕಾರಣಕ್ಕೆ ಒಂದಕ್ಷರ: ತೀ ಅಂದರೆ ತೀರಿಕೊಂಡರು, ಊ ಅಂದರೆ ಊರಿಗೆ ಹೋದರು, ಬೇ ಅಂದರೆ ಬೇರೆ ಮನೆ ಮಾಡಿದರು. ಮುಂದಿನ ಸಲ ಸಂಖ್ಯೆ ಕಮ್ಮಿ ಬಂದರೆ ಯಾಕೆ ಅಂತ ಅದೇ ಹೇಳುತ್ತದೆ. ಪೆನ್ನು ಹುಡುಕುವ ಸದ್ದು ಕೇಳಿಸಿತು. "ನಮ್ಮ ಅಪ್ಪನಿಂದಲೇ ಶುರು ಮಾಡುತ್ತೇನೆ" ಅಂದರು.